ಎರಡು ಗೆಟ್‌ಲೈನ್‌ಗಳ ನಡುವೆ: ಒಂದು ಹಳೆಯ ಪಠ್ಯದ ಮರು ಓದು

ಕಳೆದ ವರ್ಷ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಕೈಯಲ್ಲಿ ಒಂದು ಪುಸ್ತಕ ಹಿಡಿದುಕೊಂಡು ನನ್ನ ಕೊಠಡಿಗೆ ಬಂದ. "ಸರ್, ಈ ಪುಸ್ತಕದಲ್ಲಿ ತಪ್ಪಿದೆ" ಎಂದ. ಪುಸ್ತಕ ಯಾವುದೆಂದು ನೋಡಿದರೆ ಕೆರ್ನಿಗನ್ ಮತ್ತು ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್'. ಮೊದಲ ಅಧ್ಯಾಯದಲ್ಲಿರುವ ಒಂದು ಪ್ರೋಗ್ರಾಮನ್ನು ಅವನು ಅಕ್ಷರಶಃ ಹಾಗೆಯೇ ಟೈಪ್ ಮಾಡಿದ್ದ. ಕೊಟ್ಟ ಸಾಲುಗಳಲ್ಲಿ ಅತಿ ಉದ್ದನೆಯದನ್ನು ಹುಡುಕಿ ಮುದ್ರಿಸುವ ಪುಟ್ಟ ಪ್ರೋಗ್ರಾಂ ಅದು. ಅದರಲ್ಲಿ ಒಂದು ಸಾಲನ್ನು ಓದಿಕೊಳ್ಳುವ ಫಂಕ್ಷನ್ನಿಗೆ ಲೇಖಕರು 'ಗೆಟ್‌ಲೈನ್' ಎಂದು ಹೆಸರಿಟ್ಟಿದ್ದಾರೆ. ಲಿನಕ್ಸ್ ಕಂಪ್ಯೂಟರಿನ ಕಂಪೈಲರ್ ಮಾತ್ರ ಒಪ್ಪಲಿಲ್ಲ. 'ಗೆಟ್‌ಲೈನ್ ಈಗಾಗಲೇ ಬೇರೆ ರೂಪದಲ್ಲಿ ಘೋಷಿತವಾಗಿದೆ' ಎಂಬ ಅರ್ಥದ ಸಂದೇಶ ಕೊಟ್ಟು ನಿಂತುಬಿಟ್ಟಿತು. ಇದೇ ಪ್ರೋಗ್ರಾಮನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಬರೆದಿದ್ದೆ. ಆಗ ಅದು ತಕರಾರಿಲ್ಲದೆ ಓಡಿತ್ತು.

ಇಲ್ಲಿ ತಪ್ಪು ಪುಸ್ತಕದ್ದಲ್ಲ, ಹುಡುಗನದ್ದೂ ಅಲ್ಲ. ಪುಸ್ತಕ ಅಚ್ಚಾದ ಮೇಲೆ ಅದರ ಸುತ್ತಲಿನ ಲೈಬ್ರರಿ ಬದಲಾಯಿತು. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಾವು ಕರೆದು ಬಳಸುವ ಸಿದ್ಧ ಫಂಕ್ಷನ್‌ಗಳ ಸಂಗ್ರಹ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಅನ್ವಯಿಸುವ ಪಾಸಿಕ್ಸ್ ಮಾನಕವು 2008ರ ಆವೃತ್ತಿಯಲ್ಲಿ ಗೆಟ್‌ಲೈನ್ ಎಂಬ ಹೆಸರಿನದೇ ಒಂದು ಫಂಕ್ಷನ್ನನ್ನು ಸೇರಿಸಿಕೊಂಡಿತು. ಸಿ ಭಾಷೆಯಲ್ಲಿ ಲೈಬ್ರರಿಯ ಹೆಸರುಗಳಿಗೆ ಬೇರೆ ಕೋಣೆ, ನಮ್ಮ ಹೆಸರುಗಳಿಗೆ ಬೇರೆ ಕೋಣೆ ಎಂಬ ಏರ್ಪಾಡಿಲ್ಲ. ಹೀಗಾಗಿ ಎರಡು ಹೆಸರುಗಳು ಡಿಕ್ಕಿ ಹೊಡೆದವು. ಹಳೆಯ ಮಾನಕದಂತೆ ನಡೆದುಕೋ ಎಂದು ಕಂಪೈಲರಿಗೆ ಸೂಚಿಸಿದರೆ, ಅಥವಾ ನಮ್ಮ ಫಂಕ್ಷನ್ನಿನ ಹೆಸರು ಬದಲಿಸಿದರೆ, ಪ್ರೋಗ್ರಾಂ ಮತ್ತೆ ಓಡುತ್ತದೆ.

ಹುಡುಗ ಸಮಾಧಾನಗೊಂಡು ಹೋದ. ಆದರೆ ಈ ಸಣ್ಣ ಪ್ರಸಂಗ ನನ್ನನ್ನು ಆ ಪುಸ್ತಕದ ಮರು ಓದಿಗೆ ಹಚ್ಚಿತು. ಭೌತವಿಜ್ಞಾನದ ಗಣನೆಗಳಿಗೆ ಸಿ ಭಾಷೆ ಕಲಿಸುವ ನಮಗೆ ಈ ಪುಸ್ತಕ ಇಂದಿಗೂ ಏನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪುಸ್ತಕದ ಹಿರಿಮೆ

ಡೆನ್ನಿಸ್ ರಿಚಿ 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಯನ್ನು ರೂಪಿಸಿದರು. ಸಹೋದ್ಯೋಗಿ ಬ್ರಯಾನ್ ಕೆರ್ನಿಗನ್ ಜತೆಗೂಡಿ ಅವರು ಬರೆದ ಈ ಪುಸ್ತಕ 1978ರಲ್ಲಿ ಬಂತು. ಅಮೆರಿಕದ ಮಾನಕ ಸಂಸ್ಥೆ ಭಾಷೆಗೆ ಮಾನಕವನ್ನು ಸಿದ್ಧಪಡಿಸುತ್ತಿದ್ದಾಗ, 1988ರಲ್ಲಿ, ಎರಡನೆಯ ಆವೃತ್ತಿ ಹೊರಬಂತು. ಮೂರನೆಯ ಆವೃತ್ತಿ ಬರಲೇ ಇಲ್ಲ. ರಿಚಿ 2011ರಲ್ಲಿ ನಿಧನರಾದರು. ಇಂದು ನಮ್ಮ ಕೈಗೆ ಸಿಗುವುದು ಆ ಎರಡನೆಯ ಆವೃತ್ತಿಯೇ.

ಈ ಪುಸ್ತಕದ ದೊಡ್ಡ ಗುಣ ಮಿತವ್ಯಯ. 272 ಪುಟಗಳಲ್ಲಿ ಭಾಷೆಯೂ ಇದೆ, ಅದರ ಲೈಬ್ರರಿಯ ವಿವರಣೆಯೂ ಇದೆ. ಉದಾಹರಣೆಗಳಲ್ಲಿ ಬಹುಪಾಲು ಉಪಯೋಗಕ್ಕೆ ಬರುವ ನಿಜವಾದ ಪ್ರೋಗ್ರಾಮುಗಳು. ನನ್ನ ಮಟ್ಟಿಗೆ ಪುಸ್ತಕದ ಅತ್ಯುತ್ತಮ ಭಾಗ ಎಂಟನೆಯ ಅಧ್ಯಾಯದ ಕೊನೆಯಲ್ಲಿದೆ. ಪ್ರೋಗ್ರಾಂ ಓಡುತ್ತಿರುವಾಗ ಕೇಳಿದಷ್ಟು ಮೆಮೊರಿಯನ್ನು ಒದಗಿಸುವ 'ಮ್ಯಾಲಾಕ್' ಮತ್ತು ಅದನ್ನು ಹಿಂದಕ್ಕೆ ಪಡೆಯುವ 'ಫ್ರೀ' ಎಂಬ ಎರಡು ಫಂಕ್ಷನ್‌ಗಳು ಒಳಗೆ ಹೇಗೆ ಕೆಲಸ ಮಾಡಬಹುದು ಎಂಬುದನ್ನು ಲೇಖಕರು ಅಲ್ಲಿ ಪೂರ್ತಿ ಬರೆದು ತೋರಿಸಿದ್ದಾರೆ. ಪ್ರತಿಯೊಂದು ಮೆಮೊರಿ ತುಂಡಿನ ತಲೆಯಲ್ಲಿ ಒಂದು ಪುಟ್ಟ ಚೀಟಿ. ಅದರಲ್ಲಿ ತುಂಡಿನ ಗಾತ್ರ, ಮತ್ತು ಮುಂದಿನ ಖಾಲಿ ತುಂಡು ಎಲ್ಲಿದೆ ಎಂಬ ವಿಳಾಸ. ನಮಗೆ ಸಿಗುವುದು ಆ ಚೀಟಿಯನ್ನು ದಾಟಿದ ನಂತರದ ಜಾಗದ ವಿಳಾಸ. ತುಂಡನ್ನು ಹಿಂದಿರುಗಿಸಿದಾಗ ಅಕ್ಕಪಕ್ಕದ ಖಾಲಿ ತುಂಡುಗಳು ಅದರೊಂದಿಗೆ ಕೂಡಿಕೊಳ್ಳುತ್ತವೆ.

ಈ ಕೆಲವೇ ಪುಟಗಳನ್ನು ಗಮನವಿಟ್ಟು ಓದಿದ ವಿದ್ಯಾರ್ಥಿಗೆ ಒಂದು ಮುಖ್ಯ ಸತ್ಯ ತಿಳಿಯುತ್ತದೆ. ನಾವು ಪಡೆದ ಜಾಗದ ಎಲ್ಲೆ ಮೀರಿ ಒಂದೇ ಒಂದು ಮನೆಯಷ್ಟು ಆಚೆ ಬರೆದರೂ ಇಂಥದೊಂದು ಚೀಟಿ ಅಳಿಸಿಹೋಗಬಹುದು. ಆ ಕ್ಷಣ ಏನೂ ಆಗುವುದಿಲ್ಲ. ಪ್ರೋಗ್ರಾಂ ಮುಂದೆ ಯಾವಾಗಲೋ ಮ್ಯಾಲಾಕ್ ಅಥವಾ ಫ್ರೀ ಕರೆದಾಗ ಕುಸಿಯುತ್ತದೆ. ಪರಿಣಾಮ ಕಂಡ ಜಾಗ ಒಂದು, ಕಾರಣ ಇರುವ ಜಾಗ ಇನ್ನೊಂದು. ಮೆಮೊರಿಯ ದೋಷಗಳನ್ನು ಹುಡುಕುವುದು ಏಕೆ ಕಷ್ಟ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಡೆ ಓದಿಲ್ಲ.

ಜಾಗ ಯಾರದು, ಬಿಡಬೇಕಾದವರು ಯಾರು?

ಈಗ ಎರಡು ಗೆಟ್‌ಲೈನ್‌ಗಳನ್ನು ಹೋಲಿಸೋಣ. ಪುಸ್ತಕದ ಗೆಟ್‌ಲೈನ್ ತಾನಾಗಿ ಜಾಗ ಮಾಡಿಕೊಳ್ಳುವುದಿಲ್ಲ. ಅದನ್ನು ಕರೆಯುವವನೇ ಒಂದು ಅರೇಯನ್ನೂ ಅದರ ಮಿತಿಯನ್ನೂ ಕೊಡಬೇಕು. ಮಿತಿ ಮುಟ್ಟಿದೊಡನೆ ಫಂಕ್ಷನ್ ನಿಲ್ಲುತ್ತದೆ. ಪಾಸಿಕ್ಸ್‌ನ ಗೆಟ್‌ಲೈನ್ ಹಾಗಲ್ಲ. ಸಾಲು ಎಷ್ಟೇ ಉದ್ದವಿರಲಿ, ಅದಕ್ಕೆ ಬೇಕಾದ ಮೆಮೊರಿಯನ್ನು ತಾನೇ ಪಡೆಯುತ್ತದೆ, ಸಾಲದಾದರೆ ಹಿಗ್ಗಿಸುತ್ತದೆ. ಕೆಲಸ ಮುಗಿದ ಮೇಲೆ ಆ ಮೆಮೊರಿಯನ್ನು ಬಿಡುಗಡೆ ಮಾಡುವ ಹೊಣೆ ಕರೆದವನದು. ಓದುವಿಕೆ ವಿಫಲವಾದರೂ ಈ ಹೊಣೆ ತಪ್ಪುವುದಿಲ್ಲ.

ಹೆಸರು ಒಂದೇ, ಕೆಲಸವೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಒಪ್ಪಂದ. ಒಂದರಲ್ಲಿ ಜಾಗ ಕೊಡುವವನು ಕರೆಯುವವನು, ಇನ್ನೊಂದರಲ್ಲಿ ಕರೆಸಿಕೊಂಡವನು. ಈ ಒಪ್ಪಂದವನ್ನು ಬರೆದಿಡಲು ಸಿ ಭಾಷೆಯಲ್ಲಿ ಸ್ಥಳವೇ ಇಲ್ಲ. ಪಾಯಿಂಟರ್ ಒಂದು ವಿಳಾಸವನ್ನು ಹೇಳುತ್ತದೆ. ಆ ವಿಳಾಸದಲ್ಲಿರುವ ಮನೆ ಯಾರದು, ಎಷ್ಟು ದೊಡ್ಡದು, ಖಾಲಿ ಮಾಡಬೇಕಾದವರು ಯಾರು ಎಂಬುದನ್ನು ಹೇಳುವುದಿಲ್ಲ. ಈ ವಿವರಗಳು ಕೈಪಿಡಿಯಲ್ಲಿ ಇರುತ್ತವೆ, ಇಲ್ಲವೇ ಬರೆದವನ ತಲೆಯಲ್ಲಿ.

ಪುಸ್ತಕ ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. ಏಳನೆಯ ಅಧ್ಯಾಯದಲ್ಲಿ ಒಂದು ಪುಟ್ಟ ಉಪವಿಭಾಗವಿದೆ. ಮ್ಯಾಲಾಕ್‌ನಂಥ ಫಂಕ್ಷನ್‌ನಿಂದ ಪಡೆಯದಿದ್ದುದನ್ನು ಬಿಡುಗಡೆ ಮಾಡಬಾರದು, ಬಿಡುಗಡೆ ಮಾಡಿದ್ದನ್ನು ಮತ್ತೆ ಬಳಸಬಾರದು ಎಂದು ಲೇಖಕರು ಎಚ್ಚರಿಸುತ್ತಾರೆ. ಸರಪಣಿಯಂತೆ ಜೋಡಿಸಿದ ತುಂಡುಗಳನ್ನು ಬಿಡುಗಡೆ ಮಾಡುವಾಗ ಎಲ್ಲರೂ ಮಾಡುವ ಒಂದು ತಪ್ಪನ್ನು ಬರೆದು ತೋರಿಸಿ ತಿದ್ದುತ್ತಾರೆ. ಆದರೆ ವಿದ್ಯಾರ್ಥಿ ಎಚ್ಚರಿಕೆಯ ಮಾತಿಗಿಂತ ಹೆಚ್ಚಾಗಿ ಉದಾಹರಣೆಯಿಂದ ಕಲಿಯುತ್ತಾನೆ. ಉದಾಹರಣೆಗಳು ಏನು ಕಲಿಸುತ್ತವೆ?

ಆರನೆಯ ಅಧ್ಯಾಯದಲ್ಲಿ ಪದಗಳನ್ನು ಎಣಿಸಲು ಒಂದು ವೃಕ್ಷರಚನೆಯನ್ನು ಕಟ್ಟುವ ಪ್ರೋಗ್ರಾಂ ಇದೆ. ಹೊಸ ಪದ ಬಂದಾಗ ಹೊಸ ತುಂಡನ್ನು ಕೇಳಿ ಪಡೆಯುತ್ತದೆ. ತುಂಡು ನಿಜವಾಗಿ ಸಿಕ್ಕಿತೇ ಎಂದು ಪರೀಕ್ಷಿಸುವುದಿಲ್ಲ. ಕೊನೆಯಲ್ಲಿ ಯಾವುದನ್ನೂ ಹಿಂದಿರುಗಿಸುವುದೂ ಇಲ್ಲ. ಪ್ರೋಗ್ರಾಂ ಮುಗಿದೊಡನೆ ಕಾರ್ಯಾಚರಣೆ ವ್ಯವಸ್ಥೆಯೇ ಎಲ್ಲವನ್ನೂ ವಾಪಸು ಪಡೆಯುತ್ತದೆ, ಆದ್ದರಿಂದ ಇಲ್ಲಿ ಹಾನಿಯಿಲ್ಲ ಎಂದು ಸಮರ್ಥಿಸಬಹುದು. ಮುಂದಿನ ವಿಭಾಗದ ಹೆಸರುಪಟ್ಟಿಯ ಉದಾಹರಣೆ ಹೆಚ್ಚು ಜಾಗರೂಕವಾಗಿದೆ. ಅಲ್ಲಿ ಪ್ರತಿ ಬೇಡಿಕೆಯನ್ನೂ ಪರೀಕ್ಷಿಸಲಾಗಿದೆ, ಹಳೆಯ ವಿವರವನ್ನು ಬಿಡುಗಡೆ ಮಾಡಿಯೇ ಹೊಸದನ್ನು ಇಡಲಾಗಿದೆ. ಆದರೆ ಆ ಸಾಲುಗಳನ್ನು ಇನ್ನೊಮ್ಮೆ ನೋಡಿ: ಮೊದಲ ಬೇಡಿಕೆ ಈಡೇರಿ, ಹೆಸರಿನ ಪ್ರತಿಗಾಗಿ ಮಾಡಿದ ಎರಡನೆಯ ಬೇಡಿಕೆ ವಿಫಲವಾದರೆ, ಮೊದಲು ಪಡೆದ ತುಂಡನ್ನು ಹಿಂದಿರುಗಿಸದೆಯೇ ಫಂಕ್ಷನ್ ಹೊರಬೀಳುತ್ತದೆ. ಆ ತುಂಡಿನ ವಿಳಾಸ ಮುಂದೆ ಯಾರ ಬಳಿಯೂ ಇರುವುದಿಲ್ಲ.

ದೋಷ ಹುಡುಕುವ ಹಟದಿಂದ ಇದನ್ನು ಹೇಳುತ್ತಿಲ್ಲ. ಭಾಷೆಯನ್ನು ಸೃಷ್ಟಿಸಿದವರ ಕೈಯಿಂದಲೇ ಇಂಥದು ಜಾರಬಹುದಾದರೆ, ಕೇವಲ 'ಎಚ್ಚರದಿಂದ ಬರೆಯಿರಿ' ಎಂಬ ಉಪದೇಶ ಸಾಲದು ಎಂಬುದು ನನ್ನ ವಾದ. ಭೌತವಿಜ್ಞಾನದ ಗಣನೆಗಳಲ್ಲಿ ಇದು ಬಲುಬೇಗ ಬೆಳೆಯುತ್ತದೆ. ಕಾಲದ ಒಂದೊಂದು ಹೆಜ್ಜೆಗೂ 1000 ದಶಮಾಂಶ ಸಂಖ್ಯೆಗಳಿಗೆ, ಅಂದರೆ 8000 ಬೈಟ್‌ಗಳಿಗೆ, ಜಾಗ ಪಡೆದು ಬಿಡುಗಡೆ ಮಾಡದಿದ್ದರೆ, 10 ಲಕ್ಷ ಹೆಜ್ಜೆಗಳಾಗುವಷ್ಟರಲ್ಲಿ 800 ಕೋಟಿ ಬೈಟ್‌ಗಳು ಸೋರಿಹೋಗಿರುತ್ತವೆ. ರಾತ್ರಿ ಓಡಲು ಬಿಟ್ಟ ಪ್ರೋಗ್ರಾಂ ಬೆಳಿಗ್ಗೆ ಬಂದು ನೋಡಿದಾಗ ಸತ್ತಿರುತ್ತದೆ.

ಗೆಟ್ಸ್ ಬಗ್ಗೆ ಒಂದು ಮೌನ

ಪುಸ್ತಕದ ನಿಜವಾದ ಕೊರತೆಯೊಂದು ಏಳನೆಯ ಅಧ್ಯಾಯದಲ್ಲಿದೆ. 'ಗೆಟ್ಸ್' ಎಂಬ ಲೈಬ್ರರಿ ಫಂಕ್ಷನ್ ಕೀಲಿಮಣೆಯಿಂದ ಒಂದು ಸಾಲನ್ನು ಓದಿ ನಾವು ಕೊಟ್ಟ ಅರೇಯಲ್ಲಿ ತುಂಬುತ್ತದೆ. ಅರೇ ಎಷ್ಟು ದೊಡ್ಡದು ಎಂದು ಅದು ಕೇಳುವುದೇ ಇಲ್ಲ. ಪುಸ್ತಕ ಗೆಟ್ಸ್ ಅನ್ನು ಪರಿಚಯಿಸುವಾಗ, ಸಾಲಿನ ಕೊನೆಯ ಗುರುತನ್ನು ಅದು ತೆಗೆದುಹಾಕುತ್ತದೆ, ಇದು ಗೊಂದಲಕಾರಿ ಎಂದಷ್ಟೇ ಹೇಳುತ್ತದೆ. ಅರೇ ತುಂಬಿ ಹೊರಚೆಲ್ಲುವ ಅಪಾಯದ ಪ್ರಸ್ತಾಪ ಅಲ್ಲಿಲ್ಲ.

ಎರಡನೆಯ ಆವೃತ್ತಿ ಬಂದ 1988ರಲ್ಲೇ, ನವೆಂಬರ್ 2ರಂದು, ಮಾರಿಸ್ ವರ್ಮ್ ಎಂದು ಹೆಸರಾದ ಪ್ರೋಗ್ರಾಂ ಆಗಿನ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳಿಗೆ ನುಗ್ಗಿತು. ಅದು ಬಳಸಿದ ದಾರಿಗಳಲ್ಲಿ ಒಂದು 'ಫಿಂಗರ್' ಸೇವೆಯ ಪ್ರೋಗ್ರಾಂ. ಅಲ್ಲಿ 512 ಬೈಟ್‌ಗಳ ಜಾಗಕ್ಕೆ ಗೆಟ್ಸ್ ಮೂಲಕ ಸಾಲನ್ನು ಓದಲಾಗುತ್ತಿತ್ತು. ವರ್ಮ್ ಅದಕ್ಕಿಂತ ಉದ್ದದ ಸಾಲನ್ನು ಕಳುಹಿಸಿ, ಹೊರಚೆಲ್ಲಿದ ಭಾಗದಿಂದಲೇ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಗೆಟ್ಸ್ ಅನ್ನು ಸಿ ಭಾಷೆಯ ಮಾನಕದಿಂದ ತೆಗೆದುಹಾಕಿದ್ದು 2011ರಲ್ಲಿ, ಅಂದರೆ 23 ವರ್ಷಗಳ ನಂತರ. ವಿಚಿತ್ರವೆಂದರೆ ಲೇಖಕರು ಮೊದಲ ಅಧ್ಯಾಯದಲ್ಲಿ ತಾವೇ ಬರೆದ ಗೆಟ್‌ಲೈನ್ ಮಿತಿಯನ್ನು ಕೇಳುತ್ತದೆ. ಪಾಠಕ್ಕಾಗಿ ಬರೆದದ್ದು ಲೈಬ್ರರಿಯಲ್ಲಿದ್ದದ್ದಕ್ಕಿಂತ ಸುರಕ್ಷಿತವಾಗಿತ್ತು! ನಾನು ನೋಡಿದ ಕೆಲವು ಪ್ರಯೋಗಾಲಯ ಕೈಪಿಡಿಗಳಲ್ಲಿ ಗೆಟ್ಸ್ ಈಗಲೂ ಉಳಿದುಕೊಂಡಿದೆ.

ಸರಳಿನ ತುದಿ ತಣ್ಣಗಾದ ಬಗೆ

ನಮ್ಮ ಕೆಲಸದಲ್ಲಿ ದಾಳಿಗಾರರಿಗಿಂತ ದೊಡ್ಡ ಅಪಾಯ ಬೇರೊಂದಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಲೋಹದ ಸರಳಿನಲ್ಲಿ ಉಷ್ಣ ಹರಡುವ ಬಗೆಯನ್ನು ಲೆಕ್ಕ ಹಾಕುತ್ತಿದ್ದಳು. ಸರಳನ್ನು 100 ಬಿಂದುಗಳಾಗಿ ವಿಂಗಡಿಸಿ, ಪ್ರತಿ ಬಿಂದುವಿನ ಮುಂದಿನ ಉಷ್ಣತೆಯನ್ನು ಅದರ ಎಡ-ಬಲದ ಬಿಂದುಗಳ ಉಷ್ಣತೆಯಿಂದ ಪಡೆಯುವುದು ವಿಧಾನ. ಎಡತುದಿಗೆ ಶಾಖ ಕೊಡಲಾಗಿತ್ತು. ಬಲತುದಿಯಿಂದ ಶಾಖ ಹೊರಹೋಗದಂತೆ ಅವಾಹಕವಿದೆ ಎಂಬುದು ಲೆಕ್ಕದ ಷರತ್ತು. ಅರೇಯ ಮನೆಗಳ ಸಂಖ್ಯೆ 0ರಿಂದ 99ರವರೆಗೆ. ಕೊನೆಯ ಬಿಂದುವಿಗೆ ಬಂದಾಗ ಪ್ರೋಗ್ರಾಂ 100ನೆಯ ಸಂಖ್ಯೆಯ ಮನೆಯನ್ನು ಓದುತ್ತಿತ್ತು. ಅಂಥ ಮನೆಯೇ ಇಲ್ಲ. ಆದರೆ ಸಿ ಭಾಷೆ ತಡೆಯುವುದಿಲ್ಲ, ಆ ವಿಳಾಸದಲ್ಲಿ ಏನಿದೆಯೋ ಅದನ್ನೇ ಓದಿಕೊಡುತ್ತದೆ. ಆ ಯಂತ್ರದಲ್ಲಿ ಅಲ್ಲಿ ಸೊನ್ನೆ ಇತ್ತು.

ಪರಿಣಾಮವಾಗಿ ಸರಳಿನ ಬಲತುದಿ ಸದಾ 0 ಡಿಗ್ರಿಯ ವಸ್ತುವಿಗೆ ತಾಗಿಕೊಂಡಿದೆ ಎಂಬಂತೆ ಲೆಕ್ಕ ನಡೆಯಿತು. ಪ್ರೋಗ್ರಾಂ ಕುಸಿಯಲಿಲ್ಲ. ನಕ್ಷೆ ನಯವಾಗಿ, ಪಠ್ಯಪುಸ್ತಕದ ಚಿತ್ರದಂತೆಯೇ ಬಂತು, ಏಕೆಂದರೆ ತಣ್ಣನೆಯ ತುದಿಯೂ ಭೌತವಿಜ್ಞಾನದಲ್ಲಿ ಸಾಧ್ಯವಿರುವ ಸ್ಥಿತಿಯೇ. ಮೂರು ವಾರ ನಾವಿಬ್ಬರೂ ಅದನ್ನು ನಂಬಿದೆವು. ಬೇರೆ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿದಾಗ ಉತ್ತರ ಬದಲಾಯಿತು, ಆಗಷ್ಟೇ ಸಂಶಯ ಬಂತು. ಮೊದಲೇ ಗಮನಿಸಬೇಕಾಗಿದ್ದವನು ನಾನು. ಎರಡೂ ಕಡೆ ಒಳಗೆ ಬಂದ ಶಾಖ ಎಷ್ಟು, ಸರಳಿನಲ್ಲಿ ಉಳಿದದ್ದು ಎಷ್ಟು ಎಂದು ಕೂಡಿ ನೋಡಿದ್ದರೆ ಶಕ್ತಿಯ ಲೆಕ್ಕ ತಾಳೆಯಾಗುವುದಿಲ್ಲ ಎಂಬುದು ಮೊದಲ ದಿನವೇ ತಿಳಿಯುತ್ತಿತ್ತು. ಕುಸಿದು ಬೀಳುವ ಪ್ರೋಗ್ರಾಂ ಪ್ರಾಮಾಣಿಕ. ತಪ್ಪು ಉತ್ತರವನ್ನು ಚೆಂದವಾಗಿ ಕೊಡುವ ಪ್ರೋಗ್ರಾಂ ಅಪಾಯಕಾರಿ.

ನಾವು ನಂಬಿರುವ ಇತರರ ಬರಹ

ಇಲ್ಲಿಯವರೆಗೆ ಹೇಳಿದ್ದು ನಮ್ಮ ಬರಹದ ಮಾತು. ಪುಸ್ತಕದ ಪ್ರಪಂಚದಲ್ಲಿ ಲೈಬ್ರರಿ ಎಂದರೆ ಮುಖ್ಯವಾಗಿ ಒಂದೇ: ಕಂಪೈಲರಿನೊಂದಿಗೆ ಬರುವ ಮಾನಕ ಲೈಬ್ರರಿ. ಬೇರೆ ಬೇರೆ ಫೈಲುಗಳನ್ನು ಕಂಪೈಲ್ ಮಾಡಿ ಒಟ್ಟುಗೂಡಿಸುವ ಕ್ರಮವನ್ನು ನಾಲ್ಕನೆಯ ಅಧ್ಯಾಯ ಚುಟುಕಾಗಿ ಹೇಳುತ್ತದೆ. ಹೊರಗಿನ ಲೈಬ್ರರಿಯನ್ನು ಆರಿಸುವುದು ಹೇಗೆ, ಅದರ ಆವೃತ್ತಿ ಬದಲಾದರೆ ಏನಾಗುತ್ತದೆ, ಅದು ಮತ್ತಾವುದನ್ನು ಅವಲಂಬಿಸಿದೆ ಎಂಬ ಪ್ರಶ್ನೆಗಳು ಅಲ್ಲಿಲ್ಲ.

ಇಂದು ಭೌತವಿಜ್ಞಾನದ ವಿದ್ಯಾರ್ಥಿ ಇವುಗಳಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರ. ಮಾತೃಕೆಗಳ ಲೆಕ್ಕಕ್ಕೆ ಲ್ಯಾಪ್ಯಾಕ್, ಫೂರಿಯೆ ರೂಪಾಂತರಕ್ಕೆ ಎಫ್.ಎಫ್.ಟಿ.ಡಬ್ಲ್ಯೂ., ವಿಶೇಷ ಫಲನಗಳಿಗೆ ಗ್ನೂ ವೈಜ್ಞಾನಿಕ ಲೈಬ್ರರಿ. ಪ್ರತಿಯೊಂದಕ್ಕೂ ತನ್ನದೇ ಒಪ್ಪಂದ. ಎಫ್.ಎಫ್.ಟಿ.ಡಬ್ಲ್ಯೂ. ತನ್ನದೇ ಫಂಕ್ಷನ್ನಿನಿಂದ ಕೊಟ್ಟ ಮೆಮೊರಿಯನ್ನು ತನ್ನದೇ ಬಿಡುಗಡೆ ಫಂಕ್ಷನ್ನಿನಿಂದ ಹಿಂದಿರುಗಿಸಬೇಕೆನ್ನುತ್ತದೆ, ಸಾಮಾನ್ಯ ಫ್ರೀ ನಡೆಯದು. ಗ್ನೂ ಲೈಬ್ರರಿ ತನ್ನ ಪ್ರತಿಯೊಂದು ಹೆಸರಿನ ಮುಂದೆಯೂ ಒಂದೇ ಪೂರ್ವಪದವನ್ನು ಅಂಟಿಸಿಕೊಂಡಿದೆ. ಗೆಟ್‌ಲೈನ್‌ನಂಥ ಡಿಕ್ಕಿಯನ್ನು ತಪ್ಪಿಸುವ ಸರಳ ಉಪಾಯ ಅದು. ನಮ್ಮ ಎಷ್ಟೋ ಪ್ರಯೋಗಾಲಯಗಳಲ್ಲಿ ಟರ್ಬೊ ಸಿ ಬಳಸಿ ಕಲಿತವರಿಗೂ ಇದರ ಅನುಭವವಿದೆ. ಪರದೆ ಒರೆಸುವ 'ಕ್ಲಿಯರ್ ಸ್ಕ್ರೀನ್' ಆಜ್ಞೆ ಸಿ ಭಾಷೆಯ ಅಂಗವೆಂದೇ ಅವರು ತಿಳಿದಿದ್ದರು. ಲಿನಕ್ಸಿಗೆ ಬಂದ ಮೇಲೆ ಅದು ಒಂದು ಕಂಪೈಲರಿನ ಸ್ವಂತ ಲೈಬ್ರರಿಯದೆಂದು ತಿಳಿಯಿತು. ಭಾಷೆ ಯಾವುದು, ಲೈಬ್ರರಿ ಯಾವುದು ಎಂಬ ಭೇದವನ್ನು ನಾವು ಕಲಿಸಿರಲಿಲ್ಲ.

ಈ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಎರಡು ಘಟನೆಗಳು ಸಾಕು. ಜಾಲತಾಣಗಳ ಗೋಪ್ಯತೆಗಾಗಿ ಬಳಸುವ ಓಪನ್ ಎಸ್.ಎಸ್.ಎಲ್. ಸಿ ಭಾಷೆಯಲ್ಲಿರುವ ಲೈಬ್ರರಿ. 2012ರಲ್ಲಿ ಬಂದ ಅದರ 1.0.1 ಆವೃತ್ತಿಯಲ್ಲಿ ಸೇರಿಕೊಂಡ ದೋಷವೊಂದು 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಹೆಸರಿನಿಂದ ಬಯಲಾಯಿತು. ಎದುರಿನವರು ಸಣ್ಣ ಸಂದೇಶ ಕಳುಹಿಸಿ 'ಇದರ ಉದ್ದ 64 ಸಾವಿರ ಬೈಟ್' ಎಂದರೆ, ಲೈಬ್ರರಿ ಆ ಮಾತನ್ನು ಪರೀಕ್ಷಿಸದೆ ಅಕ್ಕಪಕ್ಕದ ಮೆಮೊರಿಯಲ್ಲಿದ್ದುದನ್ನೂ ಸೇರಿಸಿ ಹಿಂದಿರುಗಿಸುತ್ತಿತ್ತು. ನನ್ನ ವಿದ್ಯಾರ್ಥಿನಿಯ 100ನೆಯ ಮನೆಯ ತಪ್ಪಿಗೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಆ ಲೈಬ್ರರಿ ಬಿಡುಗಡೆಯಾದ ತುಂಡುಗಳನ್ನು ತನ್ನದೇ ಪಟ್ಟಿಯಲ್ಲಿ ಇಟ್ಟುಕೊಂಡು ಮತ್ತೆ ಬಳಸುತ್ತಿದ್ದುದರಿಂದ, ವ್ಯವಸ್ಥೆಯಲ್ಲಿದ್ದ ರಕ್ಷಣೆಗಳು ಕೆಲಸಕ್ಕೆ ಬರಲಿಲ್ಲ ಎಂಬ ಟೀಕೆಯೂ ಬಂತು. ಸ್ವಂತ ಮೆಮೊರಿ ವ್ಯವಸ್ಥೆಯನ್ನು ಕಟ್ಟುವುದು ಕಲಿಕೆಗೆ ಒಳ್ಳೆಯದು, ಬಳಕೆಗೆ ಅಲ್ಲ ಎಂಬ ಒಂದು ಸಾಲು ನಮ್ಮ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಎರಡನೆಯದು 2024ರ ಮಾರ್ಚ್ 29ರಂದು ಬಹಿರಂಗವಾಯಿತು. ಫೈಲುಗಳನ್ನು ಕುಗ್ಗಿಸುವ ಎಕ್ಸ್.ಜೆಡ್. ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಅದರ ನಿರ್ವಾಹಕರಲ್ಲಿ ಒಬ್ಬನಾಗಿ ವಿಶ್ವಾಸ ಗಳಿಸಿದ್ದವನೇ ಕಳ್ಳದಾರಿಯೊಂದನ್ನು ಅಡಗಿಸಿಟ್ಟಿದ್ದ. ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್.ಎಸ್.ಎಚ್. ಸೇವೆಯ ಮೇಲೆ. ಎಸ್.ಎಸ್.ಎಚ್. ಈ ಲೈಬ್ರರಿಯನ್ನು ಬಳಸುವುದೇ ಇಲ್ಲ! ಆದರೆ ಕೆಲವು ಲಿನಕ್ಸ್ ವಿತರಣೆಗಳು ಅದಕ್ಕೆ ಸಿಸ್ಟಮ್‌ಡಿ ಲೈಬ್ರರಿಯನ್ನು ಜೋಡಿಸಿದ್ದವು, ಸಿಸ್ಟಮ್‌ಡಿ ಲೈಬ್ರರಿ ಎಕ್ಸ್.ಜೆಡ್. ಅನ್ನು ಅವಲಂಬಿಸಿತ್ತು. ಅವಲಂಬನೆಯ ಅವಲಂಬನೆಯ ಮೂಲಕ ಕಳ್ಳ ಒಳಬಂದಿದ್ದ. ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದುದನ್ನು ಅವರು ಗಮನಿಸಿದರು. ಕೆಲವು ವಾರಗಳ ಹಿಂದೆ ಮೆಮೊರಿ ದೋಷಗಳನ್ನು ಹುಡುಕುವ 'ವ್ಯಾಲ್‌ಗ್ರಿಂಡ್' ಎಂಬ ಸಾಧನ ಕೊಟ್ಟಿದ್ದ ವಿಚಿತ್ರ ದೂರುಗಳೂ ಅವರ ನೆನಪಿಗೆ ಬಂದವು. ಸ್ಥಿರ ಆವೃತ್ತಿಗಳಿಗೆ ಹರಡುವ ಮೊದಲೇ ಅಪಾಯ ತಪ್ಪಿತು. ಮಾಪನದಲ್ಲಿನ ಸಣ್ಣ ವ್ಯತ್ಯಾಸವನ್ನು ತಳ್ಳಿಹಾಕಬಾರದೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಪುಸ್ತಕದ ಬೆಲೆ, ಅಧ್ಯಾಪಕರ ಹೊಣೆ

ಹಾಗಾದರೆ ಈ ಪುಸ್ತಕವನ್ನು ಬದಿಗಿಡಬೇಕೇ? ಖಂಡಿತ ಇಲ್ಲ. 1988ರ ಪುಸ್ತಕಕ್ಕೆ 2024ರ ಪ್ರಶ್ನೆ ಕೇಳುವುದು ನ್ಯಾಯವಲ್ಲ. ಪಾಯಿಂಟರ್ ಎಂದರೇನು, ಮೆಮೊರಿ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಹೇಳುವ ಪುಸ್ತಕ ಇಂದಿಗೂ ಅಪರೂಪ. ಅದು ಭಾಷೆಯನ್ನು ಕಲಿಸುತ್ತದೆ, ಹೊಣೆಯನ್ನು ಸೂಚಿಸಿ ಮುಂದೆ ಹೋಗುತ್ತದೆ. ಬಿಟ್ಟ ಆ ಜಾಗವನ್ನು ತುಂಬಬೇಕಾದವರು ತರಗತಿಯಲ್ಲಿರುವ ನಾವು. ಪರದೆಯ ಮೇಲೆ ಉತ್ತರ ಬಂದೊಡನೆ ಅಂಕ ಕೊಟ್ಟುಬಿಡುವ ನಮ್ಮ ಪ್ರಾಯೋಗಿಕ ಪರೀಕ್ಷೆಯ ರೂಢಿ ಪುಸ್ತಕದ ಯಾವ ಕೊರತೆಗಿಂತಲೂ ದೊಡ್ಡದು.

2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್‌ನಂಥ ಭಾಷೆಗಳು ಮೆಮೊರಿಯ ಒಡೆತನವನ್ನು ಕಂಪೈಲರೇ ಪರೀಕ್ಷಿಸುವಂತೆ ಮಾಡಿವೆ. ಬಳಸಿದ ಲೈಬ್ರರಿಗಳ ಆವೃತ್ತಿಗಳನ್ನು ಒಂದು ಫೈಲಿನಲ್ಲಿ ದಾಖಲಿಸಿಡುತ್ತವೆ. ಇದು ದೊಡ್ಡ ಪ್ರಗತಿ. ಆದರೆ ಹೊರಗಿನ ಲೈಬ್ರರಿಯನ್ನು ತರುವುದು ಸುಲಭವಾದಷ್ಟೂ ಅವಲಂಬನೆಯ ಮರ ಹಬ್ಬುತ್ತದೆ. ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ಯಾವ ಕಂಪೈಲರೂ ಉತ್ತರ ಕೊಡಲಾರದು.

ಸಿ ಭಾಷೆಯನ್ನೇ ಕಲಿಸುವ ಅಧ್ಯಾಪಕ ಮಿತ್ರರು ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಕಂಪೈಲರಿನ ಎಲ್ಲ ಎಚ್ಚರಿಕೆಗಳನ್ನೂ ತೆರೆದಿಟ್ಟು ಕಂಪೈಲ್ ಮಾಡಿಸಿ. ಜಿ.ಸಿ.ಸಿ. ಕಂಪೈಲರಿನಲ್ಲಿರುವ ವಿಳಾಸ ತಪಾಸಣೆಯ ಆಯ್ಕೆಯನ್ನೋ ವ್ಯಾಲ್‌ಗ್ರಿಂಡ್ ಅನ್ನೋ ಬಳಸಿ ಪ್ರೋಗ್ರಾಮನ್ನು ಒಮ್ಮೆ ಓಡಿಸಿದ ಮೇಲೆಯೇ ದಾಖಲೆ ಪುಸ್ತಕಕ್ಕೆ ಸಹಿ ಹಾಕಿ. ಎರಡೂ ಉಚಿತವಾಗಿ ಸಿಗುತ್ತವೆ. ಮೆಮೊರಿ ಪಡೆಯುವ ಪ್ರತಿ ಫಂಕ್ಷನ್ನಿನ ಮೇಲೆ 'ಇದನ್ನು ಬಿಡುಗಡೆ ಮಾಡಬೇಕಾದವರು ಯಾರು' ಎಂದು ಒಂದು ಸಾಲಿನ ಟಿಪ್ಪಣಿ ಬರೆಯಲು ಹೇಳಿ. ಉಪಕರಣಗಳ ಹೆಸರು, ಅವುಗಳ ಲಘುತಮ ಮಾಪನ ಬರೆಯುವಂತೆಯೇ ಕಂಪೈಲರ್ ಮತ್ತು ಲೈಬ್ರರಿಗಳ ಹೆಸರು, ಆವೃತ್ತಿ ಸಂಖ್ಯೆಗಳನ್ನೂ ವರದಿಯಲ್ಲಿ ಬರೆಸಿ. ಎಲ್ಲಕ್ಕಿಂತ ಮೊದಲು, ಶಕ್ತಿಯೋ ಸಂವೇಗವೋ ಸಂರಕ್ಷಣೆಯಾಗಿದೆಯೇ ಎಂದು ಕೈಲೆಕ್ಕದಿಂದ ತಾಳೆ ನೋಡುವ ಅಭ್ಯಾಸ ಮಾಡಿಸಿ.

ಗೆಟ್‌ಲೈನ್ ಸಮಸ್ಯೆ ತಂದ ಹುಡುಗ ಮರುವಾರ ಮತ್ತೆ ಬಂದ. ಹೆಸರು ಬದಲಿಸಿ ಪುಸ್ತಕದ ಪ್ರೋಗ್ರಾಮನ್ನು ಓಡಿಸಿದ್ದ. ಲೈಬ್ರರಿಯ ಗೆಟ್‌ಲೈನ್ ಬಳಸಿ ಇನ್ನೊಂದನ್ನೂ ಬರೆದು ತಂದಿದ್ದ. ಎರಡನೆಯದರ ಕೊನೆಯಲ್ಲಿ ಫ್ರೀ ಎಂಬ ಸಾಲಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಇದು ನನ್ನ ಜವಾಬ್ದಾರಿ' ಎಂದು ಬರೆದಿದ್ದ.